ತಲೆ ಬರೆಯದ ಚಿತ್ರ

೩ ಮಾರ್ಚ್

ಗುಬ್ಬೀ,

ಪತ್ರ ಯಾರದೆಂದು ನೋಡಲು ಕೊನೆಯ ಸಾಲಿಗೆ ಹಾರಬೇಡ. ನಾನೇ, ನಿನ್ನ ಅಣ್ಣ. ಇನ್ನೂ ಸತ್ತಿಲ್ಲ. ಅದರಲ್ಲಿ ನಿನ್ನ ಪ್ರಯತ್ನದ ಕೊರತೆಯೇನೂ ಇರಲಿಲ್ಲ, ಒಪ್ಪುತ್ತೇನೆ.

ವಿಳಾಸ ಸಿಕ್ಕಿದ್ದು ಒಂದು ಕೋಟಿನಿಂದ. ಹೋದ ವಾರ ಅಂಗಡಿಗೆ ಬಂದ ಗಿರಾಕಿಯೊಬ್ಬ ಸೆಕೆಯೆಂದು ಕೋಟು ಕಳಚಿ, ಕುರಿ ನೇತುಹಾಕುವ ಕೊಕ್ಕೆಗೇ ಸಿಕ್ಕಿಸಿದ. ಬೈಯೋಣವೆಂದು ಹತ್ತಿರ ಹೋದೆ. ಗುಂಡಿ ಹಾಕುವ ಕಾಜಗಳೆಲ್ಲ ಎಡಕ್ಕೆ ವಾಲಿದ್ದವು. ನಮ್ಮ ಅಂಗಡಿಯ ಏಪ್ರನ್‌ಗಳಿಗೆ ನೀನು ಕದ್ದುಮುಚ್ಚಿ ಹಾಕುತ್ತಿದ್ದ ಕಾಜಗಳೂ ಹಾಗೇ ಇದ್ದವು, ಕುಡಿದವರು ಸಾಲಾಗಿ ನಿಂತ ಹಾಗೆ. ಕಾಲರ್ ಮಡಚಿ ನೋಡಿದರೆ ಚೀಟಿ: ಗುಬ್ಬಿ ಟೈಲರ್ಸ್, ಕೆಳಗೆ ಬೀದಿ, ಊರು. ಬೈಯಲೆಂದು ನಾನಿಟ್ಟ ಹೆಸರನ್ನು ಬೋರ್ಡಿಗೆ ಏರಿಸಿದ್ದೀಯ. ಕೃತಿಸ್ವಾಮ್ಯ ನನ್ನದು, ನೆನಪಿರಲಿ.

ವಿಷಯಕ್ಕೆ ಬರುತ್ತೇನೆ. ನನಗೆ ಕರುಳೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆಯಲ್ಲ, ಇದೆಯಂತೆ. ಕ್ಯಾಮೆರಾ ಬಿಟ್ಟು ಫೋಟೋ ತೆಗೆದಿದ್ದಾರೆ. ಅದರೊಳಗೆ ಒಂದು ಗಂಟೂ ಇದೆ, ಕ್ಯಾನ್ಸರಿನದು. ಅದು ಇದ್ದಲ್ಲಿ ಇರುವ ಜಾತಿಯಲ್ಲ. ಲಿವರಿನಲ್ಲಿ ಬೇರೆ ಸಂಸಾರ ಹೂಡಲು ಮರಿಗಳನ್ನು ಕಳಿಸಿದೆ. ಬಲಗಡೆಯ ಅಂಚಿನಲ್ಲಿ ಎರಡು, ಅವು ಖಚಿತ. ನಡುವೆ, ದೊಡ್ಡ ರಕ್ತನಾಳದ ಪಕ್ಕದಲ್ಲಿ, ಮೂರನೆಯದೊಂದು ಕಾಣುತ್ತಿದೆ. ಒಂದು ಸ್ಕ್ಯಾನು ಅದನ್ನು ಮರಿ ಎನ್ನುತ್ತದೆ, ಇನ್ನೊಂದು ಇರಬಹುದು ಎನ್ನುತ್ತದೆ. ಸೂಜಿ ಹಾಕಿ ನೋಡಲು ಜಾಗ ಕೆಟ್ಟದ್ದು.

ಎರಡೇ ಆದರೆ ಕರುಳನ್ನೂ ಲಿವರನ್ನೂ ಒಂದೇ ಸಲಕ್ಕೆ, ಹೊಟ್ಟೆ ಸೀಳದೆ, ಬೆರಳುದ್ದದ ತೂತುಗಳಿಂದ ಕೆಲಸ ಮಾಡಿ ಮುಗಿಸುತ್ತಾರಂತೆ. ಮೂರೂ ಕ್ಯಾನ್ಸರಾದರೆ ಮುಟ್ಟುವುದಿಲ್ಲ. ಎಲ್ಲ ತೆಗೆದರೆ ಉಳಿಯುವ ಲಿವರು ಒಬ್ಬ ಮನುಷ್ಯನಿಗೆ ಸಾಲುವುದಿಲ್ಲವಂತೆ.

ಆ ಮೂರನೆಯದು ಹದಿನೆಂಟು ವರ್ಷದ ಹಿಂದಿನ ನಿನ್ನ ಚಾಕುವಿನ ಗುರುತೂ ಇರಬಹುದು. ಅವತ್ತು ನನ್ನನ್ನು ಹೊಲಿದ ಆಸ್ಪತ್ರೆ ಮುಚ್ಚಿ ಈಗ ಟೈಲ್ಸ್ ಗೋಡೌನಾಗಿದೆ. ಕಾಗದಗಳಿಲ್ಲ. ಹೊಲಿದ ಡಾಕ್ಟರು ತೀರಿಕೊಂಡರು. ನಾನು ನಾಲ್ಕು ದಿನ ಎಚ್ಚರವಿಲ್ಲದೆ ಬಿದ್ದಿದ್ದೆ. ಚಾಕು ಒಳಗೆ ಎಲ್ಲಿಯವರೆಗೆ ಹೋಯಿತೆಂದು ಬಲ್ಲವನು ಅದರ ಹಿಡಿಯ ಕಡೆ ಇದ್ದವನು ಮಾತ್ರ.

ಎಷ್ಟು ಆಳ? ಯಾವ ದಿಕ್ಕು? ಎರಡೇ ಪ್ರಶ್ನೆ. ಕ್ಷೇಮಸಮಾಚಾರವನ್ನು ಕೇಳಿಲ್ಲ, ಹೇಳಬೇಕಾಗಿಲ್ಲ.

ಬೇಡವೆಂದರೂ ನಿನ್ನ
ಅಣ್ಣ

೧೧ ಮಾರ್ಚ್

ಅಣ್ಣ,

ನಿನ್ನ ಪತ್ರವನ್ನು ಹರಿದೆ. ಆಮೇಲೆ ಕೂತು ಅಂಟಿಸಿದೆ. ಅಂಟಿಸುವುದಕ್ಕೆ ನನಗೆ ಬೇರೆಯವರಿಗಿಂತ ಹೊತ್ತು ಹಿಡಿಯುತ್ತದೆ. ಎಡಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಎಲ್ಲಿ ಬಿಟ್ಟೆನೆಂದು ನಿನಗೆ ಚೆನ್ನಾಗಿ ಗೊತ್ತು.

ನೀನು ಮರೆತಿರಬಹುದೆಂದು ಬರೆಯುತ್ತಿದ್ದೇನೆ. ಟೈಲರಿಂಗ್ ಕಲಿಯಲು ಹೋಗುತ್ತೇನೆ, ಅಂಗಡಿ ಬಿಡುತ್ತೇನೆ ಎಂದು ಆ ಮಧ್ಯಾಹ್ನ ಹೇಳಿದೆ. ನೀನು ನಕ್ಕೆ. ನಗುತ್ತಲೇ ನನ್ನ ಕತ್ತು ಹಿಡಿದು ಮಾಂಸ ಕಡಿಯುವ ಕೊರಡಿಗೆ ಒತ್ತಿದೆ. "ಹೊಲಿಯೋ ಕೈ ಯಾವುದು, ತೋರಿಸು ನೋಡೋಣ" ಅಂದೆ. ತೋರಿಸಲಿಲ್ಲ. ನೀನೇ ಆರಿಸಿಕೊಂಡೆ. ಮಚ್ಚು ಕೊರಡಿಗೆ ತಾಗಿದ ಸದ್ದು ಮೊದಲು ಕೇಳಿತು, ನೋವು ಆಮೇಲೆ ಬಂತು. ಕಿರುಬೆರಳು ಅತ್ತ ಉರುಳಿತು, ಉಂಗುರದ ಬೆರಳು ಚರ್ಮದ ಎಳೆಯಲ್ಲಿ ನೇತಾಡುತ್ತಿತ್ತು. ಅದನ್ನೂ ನೀನೇ ಕಿತ್ತು ಬಿಸಾಡಿದೆ, ಕೋಳಿಗೆ ಪುಕ್ಕ ಕಿತ್ತ ಹಾಗೆ.

ಅದಕ್ಕೂ ಮೊದಲು ನೀನು ನನ್ನನ್ನು ಹೊಡೆದದ್ದನ್ನು ಬರೆಯಲು ಕೂತರೆ ಅಂಚೆಯವರು ಪಾರ್ಸೆಲ್ ಎಂದು ತೂಕ ಹಾಕುತ್ತಾರೆ. ದವಡೆ ಒಂದು ಸಲ, ಪಕ್ಕೆಲುಬು ಎರಡು ಸಲ. ಬಲಗಿವಿ ಈಗಲೂ ಅರ್ಧ ದಿನ ರಜೆ ಹಾಕುತ್ತದೆ.

ನೀನು ಪೊಲೀಸರಿಗೆ ಏನು ಹೇಳಿದೆಯೆಂದು ನನಗೂ ತಲುಪಿದೆ. ಅಂಗಡಿಯ ನೆಲ ಒದ್ದೆಯಿತ್ತು, ಜಾರಿದೆ, ಕೈಯಲ್ಲಿದ್ದ ಚಾಕುವಿನ ಮೇಲೇ ಬಿದ್ದೆ ಎಂದೆಯಂತೆ. ಡಾಕ್ಟರಿಗೂ ಅದನ್ನೇ ಹೇಳು. ಜಾರಿದವನಿಗೆ ಎಷ್ಟು ಆಳಕ್ಕೆ ಬಿದ್ದೆನೆಂದು ತಿಳಿಯದೆ ಇರುತ್ತದೆಯೇ?

ನಾನು ಬರೆದುಕೊಡುವುದಿಲ್ಲ. ಬರೆದರೆ ಅದು ಸಾಕ್ಷಿ. ನಿನ್ನ ಕೈಗೆ ಮಚ್ಚು ಕೊಡುವುದೂ ಒಂದೇ, ಕಾಗದ ಕೊಡುವುದೂ ಒಂದೇ.

ಎಂಟು ಬೆರಳಿನ
ತಮ್ಮ

೧೯ ಮಾರ್ಚ್

ಗುಬ್ಬೀ,

ಜಾರಿ ಬಿದ್ದ ಕಥೆಯನ್ನು ಡಾಕ್ಟರಮ್ಮನಿಗೆ ಹೇಳಿದೆ. ಗಿಡ್ಡ ಹೆಂಗಸು, ಪುಟ್ಟ ಕೈ, ಶಾಲೆಗೆ ಹೋಗುವ ಮಕ್ಕಳ ಕೈಯಷ್ಟೇ. ಆ ಕೈಯಲ್ಲಿ ಮೊಣಕೈಯುದ್ದದ ಕಡ್ಡಿ ಹಿಡಿದು ಹೊಟ್ಟೆಯೊಳಗೆ ಕೆಲಸ ಮಾಡುತ್ತಾರಂತೆ. ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಮೇಜಿನ ಮೇಲಿದ್ದ ಪೆನ್ನನ್ನು ನನ್ನ ಕೈಗೆ ಕೊಟ್ಟು, "ಎಲ್ಲಿ, ಬಿದ್ದು ತೋರಿಸಿ" ಅಂದರು.

ನಿನ್ನ ಅತ್ತಿಗೆ ಪಕ್ಕದಲ್ಲಿ ಕೂತು ಕಿಸಕ್ಕೆಂದಳು. ನಾನು ಪೆನ್ನು ಹಿಡಿದು ಕುರ್ಚಿಯಿಂದ ಎರಡು ಸಲ ಬಿದ್ದೆ. ಎರಡು ಸಲವೂ ಪೆನ್ನು ಪಕ್ಕಕ್ಕೆ ಹಾರಿತು. "ನಿಮಗೆ ಚುಚ್ಚಿದವರು ಯಾರು ಅಂತ ನಾನು ಕೇಳ್ತಿಲ್ಲ. ಎಲ್ಲಿಗೆ ಚುಚ್ಚಿದರು ಅಂತ ಕೇಳ್ತಿದೀನಿ" ಅಂದರು ಡಾಕ್ಟರಮ್ಮ.

ಅವರು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮೊದಲು ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸುತ್ತಾರೆ. ನನಗೆ ಆ ಖರ್ಚು ಉಳಿಯುತ್ತದೆ ಎಂದೆ, ನಗಲಿಲ್ಲ. ಆಮೇಲೆ ಒಂದು ತೂತು, ಅದರಲ್ಲಿ ಕ್ಯಾಮೆರಾ. ಇನ್ನು ನಾಲ್ಕು ತೂತುಗಳಲ್ಲಿ ಕತ್ತರಿ, ಇಕ್ಕಳ, ಸುಡುವ ಕಡ್ಡಿ. ಗಂಟಿರುವ ಕರುಳಿನ ತುಂಡನ್ನು ಒಳಗೇ ಕತ್ತರಿಸಿ, ಎರಡು ತುದಿಗಳನ್ನು ಪಿನ್ನು ಹೊಡೆದು ಕೂಡಿಸುತ್ತಾರೆ. ಲಿವರಿನ ಅಂಚಿನಲ್ಲಿರುವ ಎರಡನ್ನು ಹೆರೆದು ತೆಗೆಯುತ್ತಾರೆ. ವಾರಕ್ಕೆಲ್ಲ ಮನೆ. ದೊಡ್ಡದಾಗಿ ಸೀಳಿದರೆ ನನ್ನಂಥವನು ಏಳುವುದು ಕಷ್ಟ, ಎದ್ದರೂ ಮುಂದಿನ ಔಷಧಿ ತಡೆಯುವುದು ಕಷ್ಟ.

ತೊಡಕು ಎರಡು. ಒಂದು, ಹಳೇ ಗಾಯದ ಕೆಳಗೆ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿರುತ್ತದೆ. ಅದು ತಿಳಿಯದೆ ಮೊದಲ ತೂತು ಅಲ್ಲೇ ಹಾಕಿದರೆ ಕರುಳಿಗೇ ತೂತು. ಇನ್ನೊಂದು ಆ ಮೂರನೆಯ ಚುಕ್ಕೆ. ಆ ಕಾಲದಲ್ಲಿ ಲಿವರಿನ ಗಾಯಕ್ಕೆ ಹೊಟ್ಟೆಯೊಳಗಿನ ಕೊಬ್ಬನ್ನೇ ತುರುಕಿ ಹೊಲಿಯುವುದಿತ್ತಂತೆ. ವರ್ಷಗಳ ಮೇಲೆ ಅದು ಸ್ಕ್ಯಾನಿನಲ್ಲಿ ಗಡ್ಡೆಯ ವೇಷ ಹಾಕುತ್ತದಂತೆ. ಹೊಕ್ಕಳ ಪಕ್ಕದಲ್ಲಿ ಹೊಕ್ಕ ಚಾಕು ಎದೆಯ ಕಡೆಗೆ ಹೋಗಿದ್ದರೆ ಲಿವರಿಗೆ ತಾಗಿರಬೇಕು, ಆಗ ಚುಕ್ಕೆಯನ್ನು ಗಾಯವೆಂದು ನಂಬಿ ಒಳಗೆ ಇಳಿದು ನೋಡುತ್ತಾರೆ. ತೊಡೆಯ ಕಡೆಗೆ ಹೋಗಿದ್ದರೆ ಅದು ಕ್ಯಾನ್ಸರೇ, ಇಳಿಯುವುದಿಲ್ಲ.

ನಾನು ಹೇಳಿದೆ, ನನ್ನ ತಮ್ಮನಿಗೆ ಅಷ್ಟೆಲ್ಲ ಬರುವುದಿಲ್ಲ ಡಾಕ್ಟ್ರೇ, ಕುರಿ ಹಿಡಿದರೆ ಕುರಿಗೆ ಕಚಗುಳಿಯಾಗುತ್ತಿತ್ತು, ಹೆದರಿ ಎತ್ತಲಾದರೂ ಗೀರಿರುತ್ತಾನೆ ಎಂದು. ತಮ್ಮ ಎಂದು ಬಾಯಿ ತಪ್ಪಿತು. ಅವರು ಬರೆದುಕೊಳ್ಳಲಿಲ್ಲ.

ಸಾಕ್ಷಿಯ ಮಾತಾಡಿದ್ದೀಯ. ನಿನ್ನನ್ನು ಜೈಲಿನಿಂದ ಉಳಿಸಲು ಹದಿನೆಂಟು ವರ್ಷ ಎಲ್ಲರೆದುರು ಜಾರಿ ಬಿದ್ದಿದ್ದೇನೆ. ಒಂದು ಚೂರು ಕಾಗದ ಕೇಳಿದರೆ ನಿನಗೆ ಹೊಟ್ಟೆನೋವು. ನನಗೆ ನಿಜವಾಗಿ ಹೊಟ್ಟೆನೋವು ಗುಬ್ಬಿ. ಊಟ ಕೆಳಗಿಳಿಯುವ ದಾರಿ ದಿನಕ್ಕೆ ಒಂದೆಳೆ ಕಿರಿದಾಗುತ್ತಿದೆ.

ಬರೆಯದಿದ್ದರೆ ಬಂದು ಉಳಿದ ಎಂಟನ್ನೂ ಎಣಿಸುತ್ತೇನೆ.

ಅಣ್ಣ

೨ ಏಪ್ರಿಲ್

ಅಣ್ಣ,

ಎರಡು ವಾರ ಪೆನ್ನು ಹಿಡಿದು ಕೂತೆ. ಅಕ್ಷರದಲ್ಲಿ ಬರೆಯಲು ಆಗಲಿಲ್ಲ. ಚಿತ್ರ ಬರೆದಿದ್ದೇನೆ. ಜೊತೆಗಿರುವ ಅಂಟಿಸಿದ ಲಕೋಟೆಯಲ್ಲಿದೆ. ಅದು ಡಾಕ್ಟರಮ್ಮನಿಗೆ. ನೀನು ನೋಡಬಾರದು, ಅತ್ತಿಗೆಯೂ ನೋಡಬಾರದು. ನೋಡುವುದಿಲ್ಲವೆಂದು ಮಾತು ಕೊಟ್ಟರೆ ಮಾತ್ರ ಅವರಿಗೆ ಮುಟ್ಟಿಸು, ಇಲ್ಲವಾದರೆ ಒಲೆಗೆ ಹಾಕು.

ಅಳತೆ ಸರಿಯಾಗಿದೆ. ಅವತ್ತು ಬಸ್ಸಿನಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾಗ ಚಾಕು ನನ್ನ ಚೀಲದಲ್ಲೇ ಇತ್ತು. ರಕ್ತ ಎಲ್ಲಿಯವರೆಗೆ ಒಣಗಿದೆ ನೋಡಿದೆ. ಏಳು ಬೆರಳು. ನನಗೆ ಒಟ್ಟು ಉಳಿದಿದ್ದದ್ದು ಎಂಟು, ಹಾಗಾಗಿ ಎಣಿಸಲು ಸಾಕಾಯಿತು.

ಚಾಕು ಈಗಲೂ ಇದೆ. ಗೆರೆ ಎಳೆಯುವಾಗ ಬಟ್ಟೆ ಜಾರದಿರಲೆಂದು ಭಾರಕ್ಕೆ ಇಟ್ಟುಕೊಂಡಿದ್ದೇನೆ. ಗಿರಾಕಿಗಳು ಕೇಳಿದರೆ ಅಣ್ಣ ಕೊಟ್ಟದ್ದು ಎನ್ನುತ್ತೇನೆ.

ತಮ್ಮ

೧೪ ಏಪ್ರಿಲ್

ಗುಬ್ಬೀ,

ಮಾತು ಉಳಿಸಿಕೊಂಡೆ. ಲಕೋಟೆಯನ್ನು ಬೆಳಕಿಗೂ ಹಿಡಿಯಲಿಲ್ಲ. ಹಿಡಿಯೋಣವೆಂದು ನಿನ್ನ ಅತ್ತಿಗೆ ಮೂರು ಸಲ ಕೈ ಹಾಕಿದಳು, ಮೂರು ಸಲವೂ ಅವಳ ಕೈಗೆ ಹೊಡೆದೆ, ಒಂದು ಸಲ ಅವಳೂ ತಿರುಗಿ ಹೊಡೆದಳು. ಡಾಕ್ಟರಮ್ಮ ನಮಗೆ ಬೆನ್ನು ಹಾಕಿ ಒಡೆದು ನೋಡಿದರು. ಬಹಳ ಹೊತ್ತು ನೋಡಿದರು. ಇನ್ನಿಬ್ಬರು ಡಾಕ್ಟರುಗಳನ್ನು ಕರೆದು ತೋರಿಸಿದರು.

ಬಾಣದ ಗುರುತು ಕೆಳಕ್ಕಿದೆಯಂತೆ. ಹೊಕ್ಕಳ ಪಕ್ಕದಿಂದ ಕೆಳಕ್ಕೆ, ಏಳು ಬೆರಳು. ಲಿವರಿನಿಂದ ದೂರ. ಹಾಗಾದರೆ ಮೂರನೆಯದೂ ಕ್ಯಾನ್ಸರೇ. ಆಪರೇಷನ್ ಇಲ್ಲ. ದಾರಿ ಪೂರ್ತಿ ಮುಚ್ಚಿದರೆ ಕರುಳನ್ನು ಹೊಟ್ಟೆಯ ಹೊರಗೆ ತೆರೆದು ಚೀಲ ಕಟ್ಟುತ್ತಾರೆ, ಉಳಿದದ್ದಕ್ಕೆ ಔಷಧಿ ಹಾಕಿ ಎಷ್ಟು ದಿನ ತಡೆಯುತ್ತದೋ ನೋಡುತ್ತಾರೆ. ಎಷ್ಟು ದಿನ ಎಂದು ಕೇಳಿದೆ. ದಿನ ಎಂದು ಕೇಳಿದವನಿಗೆ ತಿಂಗಳಲ್ಲಿ ಉತ್ತರ ಕೊಟ್ಟರು. ದೊಡ್ಡ ಮನಸ್ಸು.

ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ಗುದ್ದಿದೆ. ಗೋಡೆಗೇನೂ ಆಗಲಿಲ್ಲ, ನನ್ನ ಗೆಣ್ಣು ಒಡೆಯಿತು. ಅಂಗಡಿಗೆ ಹೋಗಿ ನೇತುಹಾಕಿದ್ದ ಒಂದು ಇಡೀ ಕುರಿಯನ್ನು ಯಾರೂ ಕೇಳದಿದ್ದರೂ ತುಂಡು ತುಂಡಾಗಿ ಕಡಿದು ಹಾಕಿದೆ. ಕೊನೆಯಲ್ಲಿ ಯಾವುದು ಮಾಂಸ ಯಾವುದು ಮೂಳೆ ತಿಳಿಯುತ್ತಿರಲಿಲ್ಲ. ನಾನೇ ಗುಡಿಸಿದೆ.

ಆದರೂ ಒಂದು ಮಾತು ಹೇಳುತ್ತೇನೆ, ನಗಬೇಡ. ಬಾಣ ಕೆಳಕ್ಕಿದೆ ಎಂದಾಗ ಒಳಗೆಲ್ಲೋ ಒಂದಿಷ್ಟು ಹಗುರವಾಯಿತು. ಕೆಳಕ್ಕೆ ಚುಚ್ಚುವವನು ಕೊಲ್ಲಲು ಚುಚ್ಚುವುದಿಲ್ಲ. ನೋವಿನಲ್ಲಿ, ಹೆದರಿಕೆಯಲ್ಲಿ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದಲ್ಲಿಗೆ ತಳ್ಳುತ್ತಾನೆ. ಹದಿನೆಂಟು ವರ್ಷ ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದದ್ದೇ ಅದು: ನನ್ನ ತಮ್ಮ ಹೇಡಿ, ನೆಟ್ಟಗೆ ಚುಚ್ಚಲೂ ಬಾರದವನು. ಹೇಳಿ ಹೇಳಿ ನನಗೇ ಅನುಮಾನ ಹುಟ್ಟಿತ್ತು. ಈಗ ಮೂವರು ಡಾಕ್ಟರುಗಳು ಸಹಿ ಹಾಕಿದರು. ನನ್ನ ಸಾವಿಗೆ ನೀನು ಕಾರಣನಲ್ಲ, ನೀನು ಸರಿಯಾಗಿ ಚುಚ್ಚದೆ ಹೋದದ್ದೇ ಕಾರಣ. ಈ ತಮಾಷೆಗೆ ನಗಬಹುದು.

ಚಾಕುವನ್ನು ಇಟ್ಟುಕೋ. ಅದು ಒಳ್ಳೆಯ ಉಕ್ಕು. ಇನ್ನು ಬರೆಯುವುದಿಲ್ಲ.

ಅಣ್ಣ

೧೭ ಏಪ್ರಿಲ್, ತುರ್ತು ಅಂಚೆ

ಅಣ್ಣ,

ಮುಂದೆ ಓದುವ ಮೊದಲು ಆಸ್ಪತ್ರೆಗೆ ಓಡು. ಆ ಚಿತ್ರವನ್ನು ತಲೆಕೆಳಗು ಮಾಡಿ ಹಿಡಿಯಬೇಕೆಂದು ಡಾಕ್ಟರಮ್ಮನಿಗೆ ಹೇಳು. ಹೇಳಿ ಬಂದ ಮೇಲೆ ಕೂತು ಉಳಿದದ್ದನ್ನು ಓದು. ನಿಂತು ಓದಬೇಡ.

ನಾನು ಬರೆದದ್ದು ಒಂದು ಮುಂಡ, ಒಂದು ಹೊಕ್ಕಳು, ಒಂದು ಬಾಣ. ತಲೆ ಬರೆಯಲಿಲ್ಲ, ಕಾಲು ಬರೆಯಲಿಲ್ಲ. ನಮ್ಮ ಅಂಗಡಿಯಲ್ಲಿ ತಲೆ ಇರುತ್ತಿದ್ದದ್ದು ಬೇರೆ ಬುಟ್ಟಿಯಲ್ಲಿ, ಕಾಲು ಇರುತ್ತಿದ್ದದ್ದು ಮೇಲೆ ಕೊಕ್ಕೆಯಲ್ಲಿ. ಹನ್ನೆರಡು ವರ್ಷ ನನ್ನ ಕಣ್ಣೆದುರು ಇದ್ದ ಮೈಗಳೆಲ್ಲ ಕಾಲು ಮೇಲಾಗಿ ನೇತಾಡುತ್ತಿದ್ದವು, ಎದೆ ನೆಲದ ಕಡೆ. ಅದಾದ ಮೇಲೆ ಹದಿನೆಂಟು ವರ್ಷ ಕೋಟು ಅಂಗಿಗಳನ್ನು ಕತ್ತು ಮೇಲೆ ಮಾಡಿ ಬರೆದಿದ್ದೇನೆ, ಒಂದು ದಿನವೂ ತಪ್ಪಿಲ್ಲ. ನಿನ್ನನ್ನು ಬರೆಯುವಾಗ ಮಾತ್ರ ನನ್ನ ಕೈ, ಕಾಲಿನ ಕಡೆಯನ್ನು ಮೇಲೆ ಮಾಡಿ ಬರೆಯಿತು. ಬರೆದದ್ದು ನನಗೆ ತಿಳಿಯಲೂ ಇಲ್ಲ. ನೀನು ಒಂದು ಸಲ ಇಣುಕಿದ್ದರೆ ನಿನಗೆ ಆ ಕ್ಷಣವೇ ತಿಳಿಯುತ್ತಿತ್ತು. ಕಟುಕರ ಮನೆಯಲ್ಲಿ ಒಬ್ಬ ಮಾತು ಉಳಿಸಿಕೊಂಡ, ಅದೂ ಅವತ್ತೇ.

ಕಾಗದದ ಮೇಲೆ ಬಾಣ ಕೆಳಕ್ಕಿದೆ ಎಂದರೆ ಚಾಕು ಹೋದದ್ದು ಎದೆಗೆ.

ಈಗ ಅಕ್ಷರದಲ್ಲಿ ಬರೆಯುತ್ತೇನೆ. ಸಾಕ್ಷಿಯಾದರೆ ಆಗಲಿ.

ಬೆರಳುಗಳು ಹೋದ ಮೇಲೆ ನಾನು ಕಿರುಚಲಿಲ್ಲ. ಬಲಗೈ ಮೂಳೆ ಬಿಡಿಸುವ ಚಾಕುವನ್ನು ಹುಡುಕಿತು. ಅದು ಎಲ್ಲಿರುತ್ತದೆಂದು ನೋಡಬೇಕಾಗಿರಲಿಲ್ಲ. ನನಗೆ ನೋವಿರಲಿಲ್ಲ ಅಣ್ಣ, ಹೆದರಿಕೆಯೂ ಇರಲಿಲ್ಲ. ತಣ್ಣಗೆ ಇದ್ದೆ. ನೀನು ಕಲಿಸಿದ್ದೆಲ್ಲ ಒಂದೊಂದಾಗಿ ನೆನಪಾಯಿತು: ಹಿಡಿಯನ್ನು ಬಿಗಿಯಾಗಿ ಹಿಡಿಯಬೇಡ, ಮೊಣಕೈ ಮೈಗೆ ತಾಗಿರಲಿ, ಎದೆಗೂಡಿನ ಕೆಳಗೆ ತಳ್ಳು, ಅರ್ಧದಲ್ಲಿ ನಿಲ್ಲಿಸಬೇಡ. ನಿಲ್ಲಿಸಲಿಲ್ಲ. ನಿನ್ನ ಏಪ್ರನ್ನು, ಅಂಗಿ, ಚರ್ಮ, ಕೊಬ್ಬು, ಒಂದೊಂದು ಪದರವೂ ಬೇರೆ ಬೇರೆಯಾಗಿ ಕೈಗೆ ತಿಳಿಯಿತು. ಆಮೇಲೆ ಒದ್ದೆ ಸೋಪಿನೊಳಗೆ ಹೋದ ಹಾಗೆ ಸಲೀಸಾಯಿತು. ಸಾವಿರ ಲಿವರು ಕತ್ತರಿಸಿದವನಿಗೆ ಅದು ಏನೆಂದು ಹೇಳಬೇಕೇ? ಲಿವರು ಎಂದುಕೊಂಡೆ. ಸರಿಯಾದ ಜಾಗ ಎಂದುಕೊಂಡೆ. ಇನ್ನೊಂದು ಬೆರಳು ತಳ್ಳಿದೆ. ಹೊರಗೆ ತೆಗೆಯುವಾಗ ಮಣಿಕಟ್ಟು ತಿರುಗಿಸಿ ತೆಗೆದೆ.

ನೀನು ನನ್ನ ಮುಖ ನೋಡಿ "ಏ" ಅಂದೆ, ಅಷ್ಟೇ. ಆಮೇಲೆ ಮಂಡಿಯೂರಿದೆ. ನಾನು ಏಪ್ರನ್ ಬಿಚ್ಚಿ ಗೂಟಕ್ಕೆ ನೇತುಹಾಕಿ ಹೊರಟೆ. ಬಿಚ್ಚಿ ನೇತುಹಾಕಿದೆ, ಗಮನಿಸು. ಹೆದರಿ ಓಡುವವನು ಹಾಗೆ ಮಾಡುವುದಿಲ್ಲ.

ನೀನು ಬದುಕಿದೆ ಎಂದು ಆರು ತಿಂಗಳ ಮೇಲೆ ತಿಳಿಯಿತು. ಹಿಡಿದ ಕೆಲಸ ಕೆಟ್ಟಿತಲ್ಲ ಎಂದು ಎರಡು ದಿನ ಊಟ ಬಿಟ್ಟೆ. ಅದನ್ನೂ ಬರೆದುಬಿಡುತ್ತೇನೆ.

ನಿನಗೆ ಹಗುರವಾದದ್ದನ್ನು ಕಿತ್ತುಕೊಳ್ಳುತ್ತಿದ್ದೇನೆ. ಕೊಡಲು ನನ್ನ ಹತ್ತಿರ ಇರುವುದು ಇಷ್ಟೇ: ನಾನು ನಿನ್ನನ್ನು ಕೊಲ್ಲಲೆಂದೇ ಚುಚ್ಚಿದೆ. ಆ ಮೂರನೆಯದು ನನ್ನದು.

ತಮ್ಮ

೨೯ ಏಪ್ರಿಲ್

ಮೈದುನನಿಗೆ,

ನಾನು ನಿನ್ನ ಅತ್ತಿಗೆ. ನಿಮ್ಮಣ್ಣ ಬರೆಯುವ ಸ್ಥಿತಿಯಲ್ಲಿಲ್ಲ, ಆರೋಗ್ಯದಿಂದಲ್ಲ, ಕೋಪದಿಂದ.

ನಿನ್ನ ಪತ್ರವನ್ನು ಕೂತೇ ಓದಿದರು. ಎದ್ದು ಮಚ್ಚು ತೆಗೆದುಕೊಂಡರು. ಕೊರಡಿನ ಮೇಲೆ ಇಳಿಸಿದರು ನೋಡು, ಒಂದೇ ಜಾಗಕ್ಕೆ, ಒಂದಾದ ಮೇಲೊಂದು. ನಿಮ್ಮಪ್ಪನ ಕಾಲದ ಕೊರಡು ಎರಡು ಹೋಳಾಗುವವರೆಗೆ ಬಿಡಲಿಲ್ಲ. ಎದುರಂಗಡಿಯ ಬಡಗಿ ಬಂದು ಹಿಂದಿನಿಂದ ತೋಳು ಹಿಡಿದ, ಅವನ ಮೂಗಿಗೂ ಒಂದು ಬಿತ್ತು. ಆಮೇಲೆ ಕೈ ತೊಳೆದು, "ಏಳು, ಆಸ್ಪತ್ರೆಗೆ ಹೋಗೋಣ" ಅಂದರು. ನೀನು ಮೊದಲು ಹೋಗಿ ಆಮೇಲೆ ಓದೆಂದು ಬರೆದಿದ್ದೆ. ನಿಮ್ಮಣ್ಣ ಯಾವತ್ತು ಹೇಳಿದ ಹಾಗೆ ಕೇಳಿದವರು?

ಡಾಕ್ಟರಮ್ಮ ಚಿತ್ರವನ್ನು ತಿರುಗಿಸಿ ಹಿಡಿದರು. ಸ್ಕ್ಯಾನಿನ ಪಕ್ಕದಲ್ಲಿಟ್ಟು ಸ್ಕೇಲಿನಿಂದ ಅಳೆದರು. ಮೂರನೆಯ ಚುಕ್ಕೆ ಸರಿಯಾಗಿ ನಿನ್ನ ಬಾಣದ ತುದಿಗೆ ಬಂತು. ಒಳಗೆ ಇಳಿದು ನೋಡುತ್ತಾರೆ, ಆ ಚುಕ್ಕೆಯಿಂದ ಚೂರು ತೆಗೆದು ಅಲ್ಲೇ ಪರೀಕ್ಷೆ ಮಾಡಿಸುತ್ತಾರೆ, ಗಾಯವೇ ಆದರೆ ಉಳಿದದ್ದನ್ನೆಲ್ಲ ಆ ಸಲವೇ ಮುಗಿಸುತ್ತಾರೆ. ಮುಂದಿನ ತಿಂಗಳು ಇಪ್ಪತ್ತಕ್ಕೆ ದಿನ ಕೊಟ್ಟಿದ್ದಾರೆ.

ನೀನು ಬರಬೇಡ. ಬಂದರೆ ಅವರಿಗಿಂತ ಮೊದಲು ನಾನು ಕಡಿಯುತ್ತೇನೆ. ಅವತ್ತು ಆ ಅಂಗಡಿಯ ನೆಲ ಒರೆಸಿದವಳು ನಾನು. ನಿಮ್ಮಣ್ಣನನ್ನು ಬಡಗಿ ಹೊತ್ತುಕೊಂಡು ಹೋದ. ನಾನು ನಿನ್ನ ಎರಡು ಬೆರಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಬಸ್ ನಿಲ್ದಾಣದವರೆಗೆ ಓಡಿದೆ, ಯಾರಾದರೂ ಹೊಲಿದು ಕೂಡಿಸಿಯಾರೆಂದು. ನಿನ್ನ ಬಸ್ಸು ಹೋಗಿತ್ತು. ಆಮೇಲೆ ಡಬ್ಬಿಯನ್ನು ಏನು ಮಾಡಿದೆನೆಂದು ಕೇಳಬೇಡ.

ಏಪ್ರನ್ನು ಗೂಟದಲ್ಲೇ ಇತ್ತು. ಅದನ್ನು ನೇತುಹಾಕಿ ಹೋದೆಯಲ್ಲ, ಹೆದರಿ ಓಡಿದವನಲ್ಲವೆಂದು ನನಗೆ ಅವತ್ತೇ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.

ಅತ್ತಿಗೆ

೯ ಜೂನ್

ಗುಬ್ಬೀ,

ಮನೆಗೆ ಬಂದು ಹನ್ನೊಂದು ದಿನವಾಯಿತು. ನೀನು ಒಂದು ತೂತಿನಲ್ಲಿ ಮಾಡಿದ ಕೆಲಸವನ್ನು ಸರಿಮಾಡಲು ಅವರಿಗೆ ಐದು ತೂತು, ಏಳು ಗಂಟೆ, ಆರು ಜನ ಬೇಕಾದರು. ಕೈಚಳಕ ನಿನ್ನದೇ ಹೆಚ್ಚು.

ಮೊದಲ ತೂತನ್ನು ಹಳೇ ಗಾಯದಿಂದ ದೂರ, ಎಡ ಪಕ್ಕೆಯ ಕೆಳಗೆ ಹಾಕಿದರು. ಒಳಗೆ ನೋಡಿದರೆ ಹೊಕ್ಕಳಿನಿಂದ ಮೇಲಕ್ಕೆ ಕರುಳಿನ ಒಂದು ಸುರುಳಿ ಹೊಟ್ಟೆಯ ಗೋಡೆಗೆ ಅಂಟಿಕೊಂಡು ಕೂತಿತ್ತಂತೆ. ಬಿಡಿಸುವುದಕ್ಕೇ ಎರಡು ಗಂಟೆ. ಮೂರನೆಯದರಿಂದ ತೆಗೆದ ಚೂರಿನಲ್ಲಿ ಗಾಯದ ಕಲೆ, ಗಟ್ಟಿಯಾದ ಕೊಬ್ಬು, ಒಂದು ಕಪ್ಪು ದಾರದ ಗಂಟು. ಕ್ಯಾನ್ಸರಿಲ್ಲ. ಉಳಿದೆರಡನ್ನು ಹೆರೆದು ತೆಗೆದರು, ಕರುಳನ್ನು ಕತ್ತರಿಸಿ ಕೂಡಿಸಿದರು. ತೆಗೆದದ್ದನ್ನೆಲ್ಲ ಒಳಗೇ ಒಂದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಕೆಳಹೊಟ್ಟೆಯ ಸಣ್ಣ ಸೀಳಿನಿಂದ ಎಳೆದುಕೊಂಡರು. ಒಂದು ಹನಿ ಸೋರಲಿಲ್ಲವಂತೆ. ಪೊಟ್ಟಣ ಕಟ್ಟುವುದನ್ನು ಇಷ್ಟು ವರ್ಷದ ಮೇಲೆ ಅವರಿಂದ ಕಲಿಯಬೇಕು.

ವಾಸಿಯಾಯಿತು ಎಂದಿಲ್ಲ. ಔಷಧಿ ಇನ್ನು ಆರು ತಿಂಗಳು. ಮತ್ತೆ ಬರಬಹುದು ಎಂದಿದ್ದಾರೆ. ಬರದೆಯೂ ಇರಬಹುದು ಎಂದಿದ್ದಾರೆ. ಮೊದಲು ಎರಡನೆಯ ವಾಕ್ಯ ಇರಲಿಲ್ಲ.

ಆಪರೇಷನ್ನನ್ನು ಪೂರ್ತಿ ವಿಡಿಯೋ ಮಾಡಿದ್ದಾರೆಂದು ತಿಳಿದು, ತೋರಿಸಿ ಎಂದು ಹಟ ಹಿಡಿದೆ. ಡಾಕ್ಟರಮ್ಮ ಒಂದು ಚೂರು ತೋರಿಸಿದರು. ನಮ್ಮ ಅಂಗಡಿಯ ಹಾಗೇ ಇದೆ, ಬೆಳಕು ಮಾತ್ರ ಚೆನ್ನಾಗಿದೆ. ಹೊಕ್ಕಳಿಂದ ಲಿವರಿಗೆ ಒಂದು ಬಿಳಿ ಗೆರೆ. ನೇರವಾಗಿತ್ತು, ಎಲ್ಲೂ ಅಲುಗಿರಲಿಲ್ಲ, ಅರ್ಧದಲ್ಲಿ ನಿಂತಿರಲಿಲ್ಲ. ನನ್ನ ತಮ್ಮ ನೆಟ್ಟಗೆ ಚುಚ್ಚಲು ಬಾರದವನು ಎಂದು ಇನ್ನು ಹೇಳುವ ಹಾಗಿಲ್ಲ. ಆ ಗೆರೆಯನ್ನು ಎಲ್ಲಿ ನೋಡಿದರೂ ಇದು ನಾನು ಕಲಿಸಿದ ಕೈ ಎನ್ನುತ್ತಿದ್ದೆ.

ಈಗ ನನ್ನ ಸರದಿ. ನಿನ್ನ ಪತ್ರವನ್ನು ಹತ್ತು ಸಲ ಓದಿದೆ. ಕೊಬ್ಬಿನ ಪದರ ಬರೆದಿದ್ದೀಯ, ಮಣಿಕಟ್ಟು ತಿರುಗಿಸಿದ್ದು ಬರೆದಿದ್ದೀಯ, ಊಟ ಬಿಟ್ಟದ್ದೂ ಬರೆದಿದ್ದೀಯ. ಬೆರಳು ಹೋದದ್ದಕ್ಕೂ ಚಾಕು ಹಿಡಿದದ್ದಕ್ಕೂ ನಡುವೆ ಒಂದು ಸಂಗತಿ ಇತ್ತು, ಅದನ್ನು ಬಿಟ್ಟಿದ್ದೀಯ. ಮರೆತು ಬಿಟ್ಟವನ ಪತ್ರವಲ್ಲ ಅದು.

ನಾನು ಮಚ್ಚನ್ನು ಎರಡನೆಯ ಸಲ ಎತ್ತಿದ್ದೆ. ನಿನ್ನ ಕೈ ಇನ್ನೂ ಕೊರಡಿನ ಮೇಲಿತ್ತು, ನನ್ನ ಮಂಡಿ ಅದರ ಮೇಲಿತ್ತು. ಈ ಸಲ ಮಣಿಕಟ್ಟಿಗೆ. ನಿಲ್ಲಿಸುತ್ತಿದ್ದೆನೋ ಎಂದು ಹದಿನೆಂಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ನಿಲ್ಲಿಸುತ್ತಿರಲಿಲ್ಲ ಗುಬ್ಬಿ. ನಿನ್ನ ಚಾಕು ಒಳಗೆ ಹೋದದ್ದಕ್ಕೇ ಮಚ್ಚು ಕೈಬಿಟ್ಟಿತು.

ಜಾರಿ ಬಿದ್ದೆ ಎಂದದ್ದು ನಿನ್ನನ್ನು ಉಳಿಸಲು ಎಂದು ಬರೆದಿದ್ದೆ. ಸುಳ್ಳು. ಚುಚ್ಚಿದವನನ್ನು ಹಿಡಿದರೆ ಅವನ ಎಡಗೈಯನ್ನೂ ನೋಡುತ್ತಿದ್ದರು. ಕಾಗದ ಜೋಪಾನವಾಗಿ ಇಟ್ಟುಕೋ, ಇದೂ ಸಾಕ್ಷಿಯೇ. ಡಾಕ್ಟರಮ್ಮನಿಗೂ ಹೇಳಿದೆ. ಹೊಲಿಗೆ ಬಿಚ್ಚುತ್ತಿದ್ದವರು ಕತ್ತರಿ ಕೆಳಗಿಟ್ಟು, "ನಿಮ್ಮ ಮನೇಲಿ ತಪ್ಪೊಪ್ಪಿಕೊಳ್ಳೋಕೆ ಇನ್ನು ಯಾರಾದರೂ ಉಳಿದಿದಾರಾ" ಅಂದರು.

ಹನ್ನೆರಡು ಕೆ.ಜಿ. ಇಳಿದಿದ್ದೇನೆ. ಒಂದು ಅಂಗಿಯೂ ನಿಲ್ಲುತ್ತಿಲ್ಲ. ಒಳಗೆ ಅಳತೆಯ ಚಿತ್ರ ಇಟ್ಟಿದ್ದೇನೆ, ಮಾಂಸ ಕಟ್ಟುವ ಕಾಗದದಲ್ಲೇ. ತಲೆಯನ್ನು ಸ್ಪಷ್ಟವಾಗಿ ಬರೆದಿದ್ದೇನೆ, ಮೀಸೆ ಸಮೇತ. ಅಂದಾಜಿಗೆ ಅಷ್ಟು ಸಾಕು. ಸರಿಯಾದ ಅಳತೆ ಮೈಮೇಲೆ ಟೇಪು ಹಿಡಿದವನಿಗೇ ಸಿಗುವುದು. ನಿನ್ನ ಅತ್ತಿಗೆ ಬಾಗಿಲಲ್ಲೇ ಕಡಿಯುತ್ತೇನೆ ಎನ್ನುತ್ತಾಳೆ, ಆದರೆ ಕೊರಡು ಒಡೆದಿದೆ, ಹೊಸದು ಬಂದಿಲ್ಲ.

ಆರು ವಾರ ನಾನು ಮಚ್ಚು ಎತ್ತಬಾರದಂತೆ. ಬರುವುದಾದರೆ ಅಷ್ಟರೊಳಗೆ ಬಾ.

ಅಣ್ಣ